ಹಾಳೆಯ ಹಿಂಬದಿ

ಪೇಟೆ ಓಣಿ, ರಾಮದುರ್ಗ
ತಾ. ೧೯-೧೧-೧೯೭೮, ರವಿವಾರ

ಸೌ. ಸುಂದರವ್ವನಿಗೆ,

ಕಿತ್ತೂರಿನ ಹವೆ ಒಗ್ಗಿತೇ ಎಂದು ಕೇಳಿ ಪತ್ರ ಶುರುಮಾಡುವುದು ವಾಡಿಕೆ. ಇಲ್ಲಿಂದ ಹೋದ ಮೇಲೆ ನೀನು ಬರೆದ ಒಂದೇ ಕಾರ್ಡಿನಲ್ಲಿ ವಿಳಾಸ ಬಿಟ್ಟು ಬೇರೇನೂ ಇರಲಿಲ್ಲ. ಆದ್ದರಿಂದ ನಾನೂ ಆ ವಾಡಿಕೆಯನ್ನು ಬದಿಗಿಟ್ಟು ಕೆಲಸದ ಮಾತನ್ನೇ ಮೊದಲು ಬರೆಯುತ್ತೇನೆ.

ಬಿಳಿಗುಡ್ಡದವರು ನಿನ್ನನ್ನು ಮರಳಿ ತಮ್ಮೂರಿಗೇ ಹಾಕಬೇಕೆಂದು ಅರ್ಜಿ ಕೊಟ್ಟಿದ್ದಾರೆ. ನಲವತ್ತಾರು ಹೆಬ್ಬೆಟ್ಟು, ಒಂಬತ್ತು ಸಹಿ. ಹೆಬ್ಬೆಟ್ಟುಗಳಲ್ಲಿ ಹೆಚ್ಚಿನವು ಹೆಂಗಸರವು. ದವಾಖಾನೆಯ ದೊಡ್ಡ ಡಾಕ್ಟರರು ಅದನ್ನು ಓದಿ, ನರ್ಸಬಾಯಿ ಒಪ್ಪಿದರೆ ತಮ್ಮದೇನೂ ಅಡ್ಡಿಯಿಲ್ಲ ಎಂದಿದ್ದಾರೆ. ನಿನ್ನ ಒಪ್ಪಿಗೆ ಬರವಣಿಗೆಯಲ್ಲಿ ಈ ತಿಂಗಳ ಮೂವತ್ತರೊಳಗೆ ಬರಬೇಕು. ಬಾರದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ಹಾಕುತ್ತಾರೆ. ಡಿಸೆಂಬರ ಮೊದಲ ವಾರದಲ್ಲಿ ಮಕ್ಕಳ ಸೂಜಿ ಇದೆ. ಬೇರೆಯವರು ಬಂದರೆ ಎಷ್ಟು ಬಾಗಿಲು ತೆರೆಯುತ್ತವೆ ಎಂಬುದನ್ನು ನಾನು ನಿನಗೆ ಹೇಳಬೇಕಿಲ್ಲ.

ಸರಕಾರಿ ಕಾಗದ ನಿನಗೆ ಬೇರೆಯಾಗಿ ಬರುತ್ತದೆ. ಅದರಲ್ಲಿ ಅರ್ಜಿ ಹೇಗೆ ಹುಟ್ಟಿತೆಂಬುದು ಇರುವುದಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆಲವು ಸಂಗತಿ ನಿನಗೆ ಗೊತ್ತಿದ್ದದ್ದೇ. ಆದರೂ ನಾನು ಕಂಡಂತೆ ಒಮ್ಮೆ ಬರೆದುಕೊಳ್ಳಬೇಕಾಗಿದೆ.

ಆ ಹಾಳೆಯ ಯೋಚನೆ ಹುಟ್ಟಿದ್ದು ಮೇ ತಿಂಗಳಲ್ಲಿ. ಅಡತಿ ಅಂಗಡಿಯ ದುಂಡಪ್ಪ ಒಂದು ಮಧ್ಯಾಹ್ನ ವಾಚನಾಲಯಕ್ಕೆ ಚಪ್ಪಲಿ ಬಿಡದೆ ನುಗ್ಗಿದ. "ಮಾಸ್ತರ, ನವಿಲುತೀರ್ಥದ ಕಟ್ಟಿ ಬಿರಕ ಬಿಟ್ಟೈತೆಂತ! ಹೊಳಿ ಬರತೈತಿ, ಚೀಲಾ ಎಲ್ಲಾ ಮಾಳಗಿ ಮ್ಯಾಲ ಏರಸ್ಲ್ಯೋ ಹ್ಯಾಂಗ?" ಕಂಡವರು ಯಾರು ಎಂದು ಕೇಳಿದೆ. ಸವದತ್ತಿ ಬಸ್ಸಿನ ಕಂಡಕ್ಟರ ಹೇಳಿದನಂತೆ. ಅವನಿಗೆ ಯಾರು ಹೇಳಿದರು? ನಡುವೆ ಇಳಿದುಹೋದ ಯಾರೋ ಒಬ್ಬರು. ದುಂಡಪ್ಪನನ್ನು ಬೆಂಚಿನ ಮೇಲೆ ಕೂಡ್ರಿಸಿ ನಾಲ್ಕು ದಿನದ ಪತ್ರಿಕೆ ಮುಂದಿಟ್ಟೆ. ಜಲಾಶಯದಲ್ಲಿ ನೀರು ಎಷ್ಟಿದೆ ಎಂಬ ಸಣ್ಣ ಅಕ್ಷರದ ಪಟ್ಟಿಯನ್ನು ಬೆರಳಿಟ್ಟು ತೋರಿಸಿದೆ. ಮಳೆಗಾಲ ಇನ್ನೂ ಬಂದಿರಲಿಲ್ಲ, ತಳದಲ್ಲಿ ಒಂದಿಷ್ಟು ನೀರಿತ್ತು. ಅವನು ಎರಡು ಸಲ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಂದ್ರ ನೀರs ಇಲ್ಲದ ಹೊಳಿ ಬರತಿತ್ತೇನ್ರಿ ನನ್ನ ಅಂಗಡ್ಯಾಗ!"

ಇಪ್ಪತ್ತು ವರ್ಷ ನಾನು ಆ ಕೋಣೆಯಲ್ಲಿ ಪುಸ್ತಕಗಳ ಧೂಳು ಹೊಡೆದಿದ್ದೇನೆ. ಅವು ಯಾರದಾದರೂ ಹೆದರಿಕೆಯನ್ನು ಕಳೆದದ್ದನ್ನು ಕಂಡದ್ದು ಅದೇ ಮೊದಲು. ಎಲ್ಲರಿಗೂ ಹೀಗೆ ತೋರಿಸಿಕೊಡುವ ಒಂದು ಹಾಳೆ ಇರಬೇಕು ಅನ್ನಿಸಿತು. ಒಂದು ಮಾತು ಕಿವಿಗೆ ಬಿದ್ದರೆ ಏನು ಕೇಳಬೇಕು, ಎಲ್ಲಿ ಹುಡುಕಬೇಕು, ನಮ್ಮ ಯಾವ ಕಪಾಟಿನಲ್ಲಿ ಯಾವ ಪುಸ್ತಕ ಇದೆ, ಸರಕಾರದ ಆದೇಶವಾದರೆ ಯಾವ ಕಚೇರಿಯಲ್ಲಿ ವಿಚಾರಿಸಬೇಕು. ಕಣ್ಣಾರೆ ಕಂಡವರು ಯಾರು, ಯಾವ ದಿನ, ಯಾವ ಊರು. ಈ ಮೂರಕ್ಕೆ ಉತ್ತರ ಸಿಗದ ಮಾತನ್ನು ಹೊಸ್ತಿಲ ಒಳಗೆ ಕರೆಯಬೇಡಿ ಎಂದೂ ಬರೆದೆ. ಆ ಸಾಲು ನನಗೆ ಬಹಳ ಹಿಡಿಸಿತ್ತು.

ದಾರಿ ತೋರಿಸಬೇಕಾದರೆ ಉದಾಹರಣೆಗಳು ಬೇಕು. ಕಟ್ಟೆಯ ಬಿರುಕು ಒಂದಾಯಿತು. ಇಪ್ಪತ್ತೊಂದು ಜನರಿಗೆ ನಕಲು ಮಾಡಿ ಕಳಿಸದಿದ್ದರೆ ಮನೆ ಹಾಳು ಎನ್ನುವ ದೇವರ ಕಾರ್ಡು ಎರಡಾಯಿತು. ಮೂರನೆಯದನ್ನು ನೀನು ಕೊಟ್ಟೆ. ಕೊಡಲಿಲ್ಲ, ನಾನು ತೆಗೆದುಕೊಂಡೆ.

ನಾವು ಊಟಕ್ಕೆ ಕೂತಿದ್ದೆವು. ನೀನು ಬಿಳಿಗುಡ್ಡದ ಶಟ್ಟೆವ್ವ ಮುದುಕಿಯ ಮಾತು ಹೇಳಿ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ನಕ್ಕೆ. ಹೊಸದಾಗಿ ಬಂದ ಮೂರು ರೋಗದ ಸೂಜಿಯ ವಿಷಯ ನೀನು ಆಕೆಗೆ ತಿಳಿಸಿ ಹೇಳುತ್ತಿದ್ದಾಗ ಆಕೆ, "ನರ್ಸಬಾಯಿ, ನಿನಗ ಒಂದೂ ಹುಟ್ಟಲಿಲ್ಲಲ್ಲ, ಈ ಸೂಜಿ ಮದಲ ನೀನs ಚುಚ್ಚಿಗೊಂಡಿಯೇನ ಮತ್ತ?" ಅಂದಳಂತೆ. ನೀವಿಬ್ಬರೂ ಕಟ್ಟೆಯ ಮೇಲೆ ಕೂತು ನಕ್ಕಿರಂತೆ. ಮಕ್ಕಳಿಲ್ಲದ್ದನ್ನು ಕುರಿತು ನೀನು ನಗುವುದನ್ನು ನಾನು ಅದೇ ಮೊದಲು ಕಂಡೆ. ಅದನ್ನು ಆಗಲೇ ಹೇಳಬೇಕಾಗಿತ್ತು. ನಾನು ಎದ್ದು ಕೈ ತೊಳೆದು, ಟಿಪ್ಪಣಿಯಲ್ಲಿ ಬರೆದುಕೊಂಡೆ: 'ಮಕ್ಕಳಿಗೆ ಹಾಕುವ ಸೂಜಿಯಿಂದ ಮುಂದೆ ಅವರಿಗೆ ಸಂತಾನವಾಗುವುದಿಲ್ಲ.'

ಹಾಗೆಂದು ಆ ಊರಿನಲ್ಲಿ ಯಾರೂ ಅಂದಿರಲಿಲ್ಲ. ಒಬ್ಬ ಮುದುಕಿ ಚಾಷ್ಟಿ ಮಾಡಿದ್ದಳು, ಅಷ್ಟೆ. ಎರಡು ವರ್ಷದ ಹಿಂದೆ ಜೀಪುಗಳು ಬಂದು ಗಂಡಸರನ್ನು ಮಕ್ಕಳಾಗದ ಆಪರೇಶನ್ನಿಗೆ ಒಯ್ದದ್ದು ಜನರ ಮನಸ್ಸಿನಲ್ಲಿ ಇದ್ದೇ ಇತ್ತು. ಅದಕ್ಕೆ ಬೇಕಾಗಿದ್ದದ್ದು ಒಂದು ಸಾಲು ಮಾತ್ರ.

ಮುಂದಿನ ಬದಿಗೆ ದೊಡ್ಡ ಅಕ್ಷರದಲ್ಲಿ 'ಇಂಥ ಮಾತು ಕೇಳಿದ್ದೀರಾ?' ಎಂಬ ತಲೆಬರಹ, ಅದರ ಕೆಳಗೆ ಆ ಮೂರು ಮಾತು, ಕೊನೆಗೆ ವಾಚನಾಲಯದ ಮೊಹರು, ಆ ದುಂಡು ಶಿಕ್ಕೆ. ಹಿಂಬದಿಗೆ ಸಣ್ಣ ಅಕ್ಷರದಲ್ಲಿ ಶೋಧಿಸುವ ದಾರಿ. ಮೊದಲು ಪ್ರಶ್ನೆ, ಆಮೇಲೆ ಉತ್ತರ. ನಾನು ಸಾಲೆಯಲ್ಲಿ ಕಲಿತದ್ದು ಹಾಗೆ. ನೀನು ಕರಡನ್ನು ಓದಿ, "ಖರೇ ಇದ್ದದ್ದನ್ನ ಮುಂದ ಹಾಕ್ರೀ" ಎಂದಿದ್ದೆ. ಓದುಗರು ತಾವೇ ಹಾಳೆ ಮಗುಚಬೇಕು, ಆಗಲೇ ಅವರಲ್ಲಿ ಶೋಧಿಸುವ ಬುದ್ಧಿ ಬೆಳೆಯುತ್ತದೆ ಎಂದು ನಾನು ನಿನಗೆ ಸಾಕಷ್ಟು ಹೊತ್ತು ವಿವರಿಸಿದೆ. ನೀನು ಸುಮ್ಮನಾದೆ. ನೀನು ಸುಮ್ಮನಾಗುವುದನ್ನು ನಾನು ಒಪ್ಪಿಗೆ ಎಂದು ತಿಳಿಯುತ್ತ ಬಂದಿದ್ದೇನೆ.

ಛಾಪಖಾನೆಯ ರಹಿಮಾನಸಾಬನೂ ಅದನ್ನೇ ಹೇಳಿದ್ದ. ಅಚ್ಚಿನ ಮೊಳೆ ಜೋಡಿಸುತ್ತ, "ಎರಡೂ ಬಾಜೂ ಯಾಕ್ರಿ ಮಾಸ್ತರ? ನಾಟಕದ ಕಾಗದ ಆಗ್ಲಿ, ಜಂಗೀ ಕುಸ್ತಿದ ಆಗ್ಲಿ, ನಾವು ಒಂದs ಬಾಜೂ ಹೊಡೀತೀವಿ. ಗ್ವಾಡಿಗಿ ಬೆನ್ನ ಹಚ್ಚಿ ನಿಂತಾವನ ಬೆನ್ನ ಯಾರ ನೋಡತಾರ್ರಿ?" ಎಂದ. ಇದು ಗೋಡೆಗಲ್ಲ, ಕೈಗೆ ಕೊಡುವುದು ಎಂದೆ. "ಕೈಗಿ ಕೊಟ್ಟದ್ದ ನಮ್ಮ ಮಂದಿ ಅಡಕಿ ಕಟ್ಟಾಕ ಒಯ್ತಾರ. ಇರ್ಲಿ ಬಿಡ್ರಿ, ನಿಮ್ಮ ಕಾಗದ, ನಿಮ್ಮ ಖುಷಿ" ಎಂದು ಐನೂರು ಹೊಡೆದುಕೊಟ್ಟ.

ಹಂಚುವ ಕೆಲಸವನ್ನು ನಮ್ಮ ವಾಚನಾಲಯದ ಸಿಪಾಯಿ ಬೀರಪ್ಪನಿಗೆ ವಹಿಸಿದೆ. ಅವನು ಮೂವತ್ತು ವರ್ಷ ಕಂಡ ಕಾಗದಗಳಲ್ಲಿ ಶಿಕ್ಕೆ ಇದ್ದವೆಲ್ಲ ಗೋಡೆಗೆ ಹಚ್ಚುವಂಥವು. ಕೈಗೆ ಕೊಡು ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಹಂಚು ಎಂದೆ. ಅವನು ಊರೂರಿಗೆ ಹಂಚಿದ. ಆಮೇಲೆ ನಾನು ಕೇಳಿದಾಗ ಎಷ್ಟು ಅಭಿಮಾನದಿಂದ ಹೇಳಿದ ಗೊತ್ತೇ: "ಒಂದೂ ಉಳಸಿಲ್ರಿ. ಚಾವಡಿ, ಸಾಲಿ, ಹಿಟ್ಟಿನ ಗಿರಣಿ, ಬಸ್ ಸ್ಟ್ಯಾಂಡ್, ಎಲ್ಲಾ ಕಡೆ ಗಂಜಿ ಹಚ್ಚಿ ಗಚ್ಚ ಕೂಡ್ಸೇನಿ. ಮಳಿ ಬಂದ್ರೂ ಏಳಂಗಿಲ್ಲ." ಅವನ ಮೇಲೆ ಸಿಟ್ಟು ಮಾಡಲು ನನಗೆ ಒಂದು ಕಾರಣವೂ ಸಿಗಲಿಲ್ಲ.

ಹೀಗೆ ನನ್ನ ಹಾಳೆ ತಾಲೂಕಿನ ಗೋಡೆಗಳ ಮೇಲೆ ಮುಖ ಹೊರಗೆ ಮಾಡಿ ನಿಂತಿತು. ಉತ್ತರವೆಲ್ಲ ಗಂಜಿಯೊಳಗೆ ಹೋಯಿತು.

ಜುಲೈ ಹದಿನೆಂಟರ ಮಂಗಳವಾರ ನಡೆದದ್ದು ನಿನಗೆ ಗೊತ್ತು. ಪಟ್ಟಿಯಲ್ಲಿ ಮೂವತ್ನಾಲ್ಕು ಮಕ್ಕಳು, ಬಂದದ್ದು ಅಲ್ಲಿಯ ಸಾಲೆಯ ಮಾಸ್ತರರ ಇಬ್ಬರು. ಔಷಧದ ಥರ್ಮಾಸನ್ನು ಹೆಗಲಿಗೆ ಹಾಕಿಕೊಂಡು ಮನೆಮನೆಗೆ ಹೋದೆ. ಬರ್ಫು ಕರಗುವ ತನಕ ನಿಂತೆ, ಕರಗಿದ ಮೇಲೆ ಔಷಧ ಚೆಲ್ಲಿದೆ. ಔಷಧ ಹಾಳಾದದ್ದಕ್ಕೆ ಮೇಲಿನವರು ನಿನ್ನಿಂದ ಜವಾಬು ಕೇಳಿದರು. ಆಗಸ್ಟಿನಲ್ಲಿ ಬದಲಿ ಹುಕುಂ ಬಂತು.

ನೀನು ಕಳಕೊಂಡದ್ದು ಒಂದು ಊರಿನ ನೌಕರಿ ಎಂದು ಆ ಹುಕುಮಿನಲ್ಲಿದೆ. ನಮ್ಮ ಕೇರಿಯಲ್ಲಿ ಹುಟ್ಟಿದವರಿಗೆ ಮಾತ್ರ ಕಳಕೊಂಡದ್ದು ನಿಜವಾಗಿ ಏನೆಂದು ತಿಳಿಯುತ್ತದೆ. ಬಿಳಿಗುಡ್ಡದಲ್ಲಿ ಮೊದಲ ವರ್ಷ ನಿನ್ನನ್ನು ಅಂಗಳದಲ್ಲಿ ನಿಲ್ಲಿಸಿ ಮಾತಾಡಿಸಿದರು. ಮೂರನೇ ವರ್ಷ ಕಟ್ಟೆಯ ಮೇಲೆ ಕೂಡ್ರಿಸಿದರು. ಆಮೇಲೆ ಪಡಸಾಲೆ. ಏಳನೇ ವರ್ಷ ಬಾಣಂತಿಯ ಕೋಣೆಯೊಳಗೆ ಕರೆದು, ಕುಡಿಯಲು ತಮ್ಮದೇ ತಂಬಿಗೆಯಲ್ಲಿ ನೀರು ಕೊಟ್ಟರು. ಆ ದಿನ ನೀನು ಮನೆಗೆ ಬಂದು ಬಹಳ ಹೊತ್ತು ಬಾಗಿಲಲ್ಲಿ ನಿಂತಿದ್ದೆ. ಹನ್ನೊಂದು ವರ್ಷದ ಆ ದಾರಿಯನ್ನು ನನ್ನ ಹಾಳೆ ಹತ್ತು ದಿನದಲ್ಲಿ ಮರಳಿ ಅಂಗಳಕ್ಕೆ ತಂದಿಟ್ಟಿತು.

ಆ ಮಂಗಳವಾರ ಸಂಜೆ ಚಾವಡಿಯ ಗೋಡೆಯಿಂದ ಕಿತ್ತು ತಂದ ಹಾಳೆಯ ತುಂಡನ್ನು ನನ್ನ ಮುಂದಿಟ್ಟು ನೀನು ಬಯ್ಯಲಿಲ್ಲ. "ಗ್ವಾಡಿಗಿ ಹಚ್ಚಿದ್ದು ನಿಮಗ ಯಾವಾಗ ಗೊತ್ತಾತರಿ?" ಎಂದಷ್ಟೇ ಕೇಳಿದೆ. ನೀನು ಹೇಳಿದ ಮೇಲೆ ಎಂದೆ.

ನೀನು ಹೋದ ಮೇಲೆ ನಾನೂ ಬೀರಪ್ಪನೂ ಬಕೆಟ್ಟು, ಚಿಂದಿ ಹಿಡಿದುಕೊಂಡು ಊರೂರು ತಿರುಗಿ ಹಾಳೆ ಕಿತ್ತೆವು. ಬೀರಪ್ಪನ ಗಂಜಿ ಒಳ್ಳೆಯದಿತ್ತು. ನೆನೆಸಿ ಎಳೆದರೆ ಮುಂದಿನ ಪದರು ಕಿತ್ತು ಬರುತ್ತಿತ್ತು, ಹಿಂಬದಿ ಗೋಡೆಯಲ್ಲೇ ಉಳಿಯುತ್ತಿತ್ತು. ಬರೇ ಬಿಳಿ ತೇಪೆ, ಅಕ್ಷರಗಳು ಕಲ್ಲಿನ ಕಡೆಗೆ ಮುಖ ಮಾಡಿದಂತೆ. "ಮಾಸ್ತರ, ನಿಮ್ಮ ಉತ್ತರ ಬಿಡವಲ್ದು ನೋಡ್ರಿ" ಎಂದ ಬೀರಪ್ಪ. ಪಾಪ, ಸಮಾಧಾನಕ್ಕೆಂದೇ ಅಂದ.

ಸಪ್ಟೆಂಬರಿನಲ್ಲಿ ಹೊಸ ಹಾಳೆ ಬರೆದೆ. ಒಂದೇ ಬದಿ. ಮೊದಲ ಸಾಲು: 'ಮಗುವಿಗೆ ಹಾಕುವ ಸೂಜಿ ನಾಯಿಕೆಮ್ಮು, ಗಂಟಲುಮಾರಿ, ಧನುರ್ವಾಯು ಈ ಮೂರರಿಂದ ಕಾಯುತ್ತದೆ.' ಅದರ ಕೆಳಗೆ ಯಾರನ್ನು ಕೇಳಬೇಕು, ವಾಚನಾಲಯ ಯಾವ ಹೊತ್ತು ತೆರೆದಿರುತ್ತದೆ. ಸುಳ್ಳು ಮಾತನ್ನು ಎಲ್ಲಿಯೂ ಬರೆಯಲಿಲ್ಲ. ರಹಿಮಾನಸಾಬ ಈ ಸಲ ಕೇಳಿದ ಕೂಡಲೇ ಅಚ್ಚು ಹಾಕಲಿಲ್ಲ. ಓದು ಬಾರದ ತನ್ನ ಹೆಂಡತಿ ಮಕ್ತುಮಬಿಯನ್ನು ಕರೆದು, "ಒಂದ ಸಲ ಓದಿ ಹೇಳ್ರಿ. ಆಕೀ ಒಳಗ ಹೋಗಿ ಒಲಿ ನೋಡಿ ಬರ್ಲಿ. ಬಂದಮ್ಯಾಲ ಏನ ನೆನಪ ಉಳದೈತಿ ಕೇಳೂಣು" ಎಂದ. ನನ್ನ ಮೊದಲ ಕರಡನ್ನು ಕೇಳಿದ ಆಕೆಗೆ ನೆನಪು ಉಳಿದದ್ದು ಧನುರ್ವಾಯು ಎಂಬ ಒಂದೇ ಶಬ್ದ, ಅದೂ ಸೂಜಿಯಿಂದ ಬರುತ್ತದೆ ಎಂದು. ನಾಲ್ಕು ಸಲ ತಿದ್ದಿದೆ. ಐದನೆಯ ಸಲ ಆಕೆ ಒಲೆಯಿಂದ ಬಂದು, "ಸೂಜಿ ಹಾಕಿಸಿದ್ರ ಕೂಸಿಗಿ ನಾಯಿಕೆಮ್ಮ ಬರೂದಿಲ್ಲ, ಸಂಶೇ ಇದ್ರ ಮಾಸ್ತರನ್ನ ಕೇಳಬೇಕ. ಇಷ್ಟ ಸಣ್ಣ ಮಾತಿಗಿ ಅಷ್ಟು ದೊಡ್ಡ ಕಾಗದ ಯಾಕ ಹೊಡದಿದ್ರಿ ಭಾಯೀ?" ಎಂದಳು. ಆಮೇಲೆ ಅಚ್ಚಾಯಿತು.

ಹಾಳೆಗಳನ್ನು ಬೀರಪ್ಪನ ಕೈಗೆ ಕೊಡದೆ ನಾನೇ ಬಿಳಿಗುಡ್ಡಕ್ಕೆ ಒಯ್ದೆ. ಅಕ್ಟೋಬರ ಮೂರನೆಯ ರವಿವಾರ. ಚಾವಡಿಯಲ್ಲಿ ಹತ್ತಿಪ್ಪತ್ತು ಜನ ಸೇರಿದರು. ಆ ಮೊದಲ ಕಾಗದ ಬರೆದವನು ನಾನು, ಅದರಲ್ಲಿದ್ದದ್ದು ಸುಳ್ಳು, ಸುಳ್ಳೆಂದು ತೋರಿಸುವುದಕ್ಕೇ ಬರೆದಿದ್ದೆ, ಆ ಉತ್ತರ ಹಿಂಬದಿಯಲ್ಲಿದ್ದು ಗೋಡೆಯ ಕಡೆಗೆ ಹೋಯಿತು ಎಂದು ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅದು ಕಟ್ಟುಕಥೆಯಂತೆ ಕೇಳಿಸಿತು. ಕುರಿಗಳ ಕಾಡಪ್ಪ ಕುಂತಲ್ಲಿಂದಲೇ, "ಸುಳ್ಳಿದ್ರ ಸರಕಾರದ ಶಿಕ್ಕಾ ಯಾಕ ಹೊಡದ್ರಿ?" ಎಂದ. ಅದು ಸರಕಾರದ್ದಲ್ಲ, ವಾಚನಾಲಯದ್ದು ಎಂದೆ. "ದುಂಡಗ ಇದ್ದದ್ದೆಲ್ಲಾ ಸರಕಾರದ್ದs ರೀ" ಎಂದ. ಎಲ್ಲರೂ ನಕ್ಕರು. ನನ್ನ ಶೋಧಿಸುವ ದಾರಿಯಲ್ಲಿ ಶಿಕ್ಕೆಯ ಬಗ್ಗೆ ಒಂದು ಸಾಲೂ ಇರಲಿಲ್ಲ ಎಂಬುದು ಆಗ ಹೊಳೆಯಿತು.

ಶಟ್ಟೆವ್ವ ನಗಲಿಲ್ಲ. ಆಕೆಯ ಮೊಮ್ಮಗ ಬಾಳುವಿಗೆ ಒಂದು ತಿಂಗಳಿಂದ ನಾಯಿಕೆಮ್ಮು. ಕೂಸು ಆಕೆಯ ಮಡಿಲಲ್ಲೇ ಇತ್ತು. ಕೆಮ್ಮು ಬಂದಾಗ ಅದರ ಮುಖ ಕಪ್ಪಾಗಿ, ಉಸಿರು ಒಳಗೆ ಹೋಗುವಾಗ ಕೊಕ್ಕರೆಯ ಹಾಗೆ ಕೂಗುತ್ತಿತ್ತು. ಉಸಿರು ಮರಳುವ ತನಕ ಶಟ್ಟೆವ್ವ ಅದರ ಬೆನ್ನು ಸವರಿದಳು. ಆಮೇಲೆ ಆಕೆ ನನ್ನನ್ನು ನೋಡದೆಯೇ ಹೇಳಿದಳು: "ನಾ ಚಾಷ್ಟಿಗಿ ಅಂದಿದ್ನಿರಿ. ಆಕೀ ನಕ್ಕಳು, ನಾನೂ ನಕ್ನಿ. ನೀವು ನಗೂದಷ್ಟ ಬಿಟ್ಟು ಉಳದದ್ದ ಬರದ್ರಿ." ಆಕೆಯೇ ಮುಂದುವರಿಸಿ, "ಗ್ವಾಡಿ ಮ್ಯಾಲ ನೋಡಿ ನಾನೂ ನಂಬಿಬಿಟ್ನಿ. ನಾನs ಅಂದ ಮಾತು, ನಾನs ನಂಬಿದ್ನಿ. ಶಾಣ್ಯಾರು ಬರದಾರಂದ್ರ ಏನೋ ಇರಬೇಕು ಅಂದ್ನಿ" ಎಂದಳು. ಅರ್ಜಿ ಬರೆಯಲು ಹೇಳಿದವಳು ಆಕೆಯೇ. ನಾನು ಬರೆಯುತ್ತೇನೆ ಎಂದೆ. "ನೀವು ಬ್ಯಾಡ್ರಿ" ಎಂದು ಸಾಲೆಯ ಮಾಸ್ತರರನ್ನು ಕರೆಸಿದಳು.

ಬಾಳು ಈಗ ಸುಧಾರಿಸಿದ್ದಾನೆ. ಹೋದ ವಾರ ನೋಡಿ ಬಂದೆ. ಕೆಮ್ಮು ಕಡಿಮೆಯಾಗಿದೆ, ತೂಕ ಇನ್ನೂ ಬಂದಿಲ್ಲ.

ಆ ಮಂಗಳವಾರ ಅಗಸಿಯ ಹತ್ತಿರದ ಮನೆಯಲ್ಲಿ ನಿನಗೆ ಯಾರೋ ಏನೋ ಅಂದರಂತೆ. ನೀನು ನನಗೆ ಹೇಳಿರಲಿಲ್ಲ. ಅಂದವಳೇ ಚಾವಡಿಯ ಹಿಂದೆ ನನ್ನನ್ನು ನಿಲ್ಲಿಸಿ, ಅತ್ತು, ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಮರಳಿ ಬರೆದರೆ ಅದು ಇನ್ನೊಂದು ಸಲ ಅಂದ ಹಾಗೆ.

ಬಿಳಿಗುಡ್ಡದ ಕ್ವಾರ್ಟರಿಗೆ ಹೊಸ ಹಂಚು ಹಾಕಿಸಿದ್ದಾರೆ. ನೀನು ಅಲ್ಲಿಯೇ ಇರಬಹುದು. ರಾಮದುರ್ಗದ ಮನೆಗೆ ಬರಬೇಕೆಂದು ನಾನು ಈ ಪತ್ರದಲ್ಲಿ ಕೇಳುತ್ತಿಲ್ಲ. ಡಾಕ್ಟರರಿಗೆ ನಾನು ಎಲ್ಲವನ್ನೂ ಬರೆದು ಸಹಿ ಮಾಡಿ ಕೊಟ್ಟಿದ್ದೇನೆ. ತಪ್ಪು ನಿನ್ನದಲ್ಲವೆಂದು ಅದನ್ನು ನಿನ್ನ ಕಾಗದಪತ್ರದೊಳಗೆ ಸೇರಿಸಿದ್ದಾರೆ. ವಾಚನಾಲಯದ ಕಮಿಟಿಯವರಿಗೂ ಒಂದು ಪ್ರತಿ ಕೊಟ್ಟೆ. ಅಧ್ಯಕ್ಷ ನಿಜಗುಣಪ್ಪನವರು ಓದಿ ಮಡಚಿಟ್ಟು, "ಇನ್ನ ಮುಂದ ಶಿಕ್ಕಾ ನನ್ನ ಹತ್ರ ಇರ್ಲಿ ಮಾಸ್ತರ" ಎಂದರು. ಕೊಟ್ಟೆ.

ಇಂತಿ,
ಲಗಮಪ್ಪ

ತಾ. ಕ.: ಮೇಲಿನದನ್ನು ಬರೆದು ಮುಗಿಸಿ ಊಟ ಮಾಡಿ ಬಂದೆ. ಗೋಡೆಯ ಸಂಗತಿ ನೀನು ಹೇಳಿದ ಮೇಲೆ ಗೊತ್ತಾಯಿತು ಎಂದು ನಿನಗೆ ಹೇಳಿದ್ದು ಸುಳ್ಳು. ಜುಲೈ ಎಂಟರಂದು, ಅಂದರೆ ನಿನ್ನ ಮಂಗಳವಾರಕ್ಕೆ ಹತ್ತು ದಿನ ಮೊದಲು, ಪುಸ್ತಕ ತರಲು ಬೆಳಗಾವಿಗೆ ಹೊರಟವನು ಯರಗಟ್ಟಿಯಲ್ಲಿ ಬಸ್ಸು ಬದಲಿಸಲು ಇಳಿದಿದ್ದೆ. ಸ್ಟ್ಯಾಂಡಿನ ಗೋಡೆಯ ಮೇಲೆ ನನ್ನ ಹಾಳೆ ಇತ್ತು. ಒಬ್ಬ ಗಂಡಸು ಅದನ್ನು ಗಟ್ಟಿಯಾಗಿ ಓದುತ್ತಿದ್ದ. ಕಂಕುಳಲ್ಲಿ ಕೂಸಿದ್ದ ಒಬ್ಬ ಹೆಂಗಸು, "ಅದನ್ನs ಇನ್ನೊಮ್ಮಿ ಓದೋ ಅಣ್ಣಾ" ಎಂದಳು. ಅವನು ಮೂರನೆಯದನ್ನು ಇನ್ನೊಮ್ಮೆ ಓದಿದ. ಆಕೆ ಕೂಸಿನ ಮೇಲೆ ಸೆರಗು ಹೊಚ್ಚಿಕೊಂಡು ಹೊರಟುಹೋದಳು. ನಾನು ಮೂರು ಮೊಳದ ಅಂತರದಲ್ಲಿದ್ದೆ. ಹಿಂಬದಿ ಯಾರಿಗೂ ಕಾಣುವುದಿಲ್ಲ ಎಂಬುದು ಆ ಗಳಿಗೆಯಲ್ಲೇ ಪೂರ್ತಿ ತಿಳಿಯಿತು. ಕಿತ್ತು ಹಾಕಿಸಲು ಹತ್ತು ದಿನ ಸಾಕಾಗುತ್ತಿದ್ದವು. ಆದರೆ ಕಿತ್ತರೆ ನೀನೂ ರಹಿಮಾನಸಾಬನೂ ಹೇಳಿದ್ದೇ ಸರಿ ಎಂದು ಒಪ್ಪಬೇಕಾಗಿತ್ತು. ಅಕ್ಷರಗಳು ದೂರದಿಂದಲೂ ಚೆನ್ನಾಗಿ ಕಾಣುತ್ತವೆ ಎಂದುಕೊಂಡು ಬಸ್ಸು ಹತ್ತಿದೆ. ಡಾಕ್ಟರರಿಗೆ ಕೊಟ್ಟ ಕಾಗದದಲ್ಲಿ ಇದಿರಲಿಲ್ಲ, ನಾಳೆ ಸೇರಿಸುತ್ತೇನೆ. ಬಿಳಿಗುಡ್ಡಕ್ಕೆ ಹೂಂ ಅನ್ನುವುದೆಂದರೆ ನನಗೆ ಹೂಂ ಅಂದಂತಲ್ಲ. ಮೂವತ್ತನೆಯ ತಾರೀಖಿನ ಗಡುವು ಆ ಊರಿಗೆ ಮಾತ್ರ.